ನಾಲ್ಕನೆಯ ಹಾಳೆ

ಈ ಸಲದ ಧಾರಾವಾಹಿಗೆ ಮುಖ್ಯ ಪಾತ್ರಗಳು ಎರಡೇ, ಒಬ್ಬಳು ಅಕ್ಕ, ಒಬ್ಬಳು ತಂಗಿ ಎಂದು ನನ್ನ ಅಕ್ಕ ಹೇಳಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಬಂತು ಕೂಡ. ಆದರೆ ನನಗೆ ಅನುಮಾನ ಎಲ್ಲದರ ಮೇಲೂ ಬರುತ್ತದೆ. ತರಕಾರಿಯವನ ತಕ್ಕಡಿಯ ಮೇಲೆ, ಹವಾಮಾನ ವರದಿಯ ಮೇಲೆ, ಕೆಲಸವಿಲ್ಲದೆ ಬಾಗಿಲಿಗೆ ಬಂದು ನಗುವವರ ಮೇಲೆ. ಹಾಗಾಗಿ ಅವತ್ತು ಅದಕ್ಕೆ ಹೆಚ್ಚು ಬೆಲೆ ಕೊಡಲಿಲ್ಲ.

ನಾವಿಬ್ಬರೂ ಸೇರಿ ಒಬ್ಬ ಲೇಖಕ. ಇಪ್ಪತ್ತೆರಡು ವರ್ಷಗಳಿಂದ ಒಂದು ವಾರಪತ್ರಿಕೆಗೆ ಒಂದೇ ಗಂಡು ಹೆಸರಿನಲ್ಲಿ ಧಾರಾವಾಹಿ ಬರೆಯುತ್ತಿದ್ದೇವೆ. "ಮಾನ್ಯರೇ, ಹೆಂಗಸರ ಮನಸ್ಸು ನಿಮಗೆ ಇಷ್ಟು ಚೆನ್ನಾಗಿ ಹೇಗೆ ಗೊತ್ತು?" ಎಂದು ಓದುಗರ ಕಾಗದ ಬಂದರೆ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ, ನಾನು ಉರಿದು ಬೀಳುತ್ತೇನೆ. ಜನರನ್ನು ಹುಟ್ಟಿಸುವುದು ಅಕ್ಕನ ಕೆಲಸ. ಅವರನ್ನು ನಡೆಸಿ, ಮಾತಾಡಿಸಿ, ಅಳಿಸಿ, ವಾರಕ್ಕೊಂದು ಕಂತು ಮುಗಿಸುವುದು ನನ್ನದು.

ಅಕ್ಕ ದೊಡ್ಡಾಸ್ಪತ್ರೆಯ ದಾಖಲೆ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದವಳು. ರೋಗಿಗಳ ಫೈಲು ಕಟ್ಟಿ ಕಟ್ಟಿ ಕೈಗೆ ಅದೇ ರೂಢಿಯಾಗಿದೆ. ಪ್ರತಿ ಮುಖ್ಯ ಪಾತ್ರಕ್ಕೂ ಒಂದು ಕಂದು ಫೈಲು, ಅದಕ್ಕೆ ಬಿಳಿ ದಾರ, ಒಳಗೆ ನಾಲ್ಕು ಹಾಳೆ. ಮೊದಲನೆಯದರಲ್ಲಿ ರೂಪ, ನಡಿಗೆ, ಉಡುಗೆ. ಎರಡನೆಯದರಲ್ಲಿ ಮನೆ, ಕೆಲಸ, ನೆಂಟರು. ಮೂರನೆಯದರಲ್ಲಿ ಚಟ, ಆಸೆ, ಹೆದರಿಕೆ. ನಾಲ್ಕನೆಯದರಲ್ಲಿ ಒಂದೇ ವಿಷಯ: ಈ ಮನುಷ್ಯ ಬಚ್ಚಿಟ್ಟಿರುವುದು ಏನು.

ಮೂರು ಹಾಳೆ ನನ್ನ ಕೈಗೆ ಬರುತ್ತವೆ. ನಾಲ್ಕನೆಯದು ಅಕ್ಕನ ಮೇಜಿನ ಡ್ರಾಯರಿನಲ್ಲಿ ಬೀಗದೊಳಗೆ ಇರುತ್ತದೆ, ಹತ್ತನೆಯ ಕಂತಿನ ತನಕ ನನಗೆ ಕಾಣಿಸುವುದಿಲ್ಲ. ಇದು ಅವಳು ಹಾಕಿದ ಕಟ್ಟಳೆ. ನಮ್ಮ ಮೊದಲ ಕಾದಂಬರಿಯಲ್ಲಿ ಕಳ್ಳ ಯಾರೆಂದು ನನಗೆ ಮೊದಲೇ ಹೇಳಿದ್ದಳು. ಎರಡನೆಯ ಕಂತಿಗೇ ಓದುಗರು ಅವನನ್ನು ಹಿಡಿದು ಸಂಪಾದಕರಿಗೆ ಕಾಗದ ಬರೆದರು. "ನಿನ್ನ ಹೊಟ್ಟೇಲಿ ಏನೂ ನಿಲ್ಲಲ್ಲ ಪುಟ್ಟಿ. ಬಾಯಿ ಮುಚ್ಚಿಕೊಂಡ್ರೂ ಪೆನ್ನು ಹೇಳಿಬಿಡುತ್ತೆ," ಎಂದಿದ್ದಳು ಅಕ್ಕ. ನನಗೆ ಐವತ್ತಾರು ವರ್ಷ. ಈಗಲೂ ಅವಳಿಗೆ ನಾನು ಪುಟ್ಟಿ.

ತಂಗಿಯ ಫೈಲನ್ನು ಬಿಚ್ಚಿದ್ದು ಒಂದು ಸೋಮವಾರ ಬೆಳಿಗ್ಗೆ. ಕೆಳಗಡೆ ಟೈಲರನ ಮಿಷನ್ನು ಕಟಕಟ ಎನ್ನುತ್ತಿತ್ತು, ಅಕ್ಕ ಒಳಗೆ ಬಟ್ಟೆ ಮಡಿಸುತ್ತಿದ್ದಳು. ಮೊದಲ ಹಾಳೆ: ವಯಸ್ಸು ಐವತ್ತೈದು, ಕುಳ್ಳಿ, ಮೆಟ್ಟಿಲು ಹತ್ತುವಾಗ ಎಣಿಸುತ್ತಾಳೆ. ನಾನೂ ಎಣಿಸುತ್ತೇನೆ, ಹತ್ತೊಂಬತ್ತಿವೆ. ಎರಡನೆಯದು: ಹಿಂದೆ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದಳು. ನಾನೂ ತಿದ್ದುತ್ತಿದ್ದೆ. ಇಷ್ಟರವರೆಗೆ ನಗು ಬಂತು. ಹೊಸ ಜನ ಸಿಗದೆ ಅಕ್ಕ ಮನೆಯಲ್ಲಿದ್ದದ್ದನ್ನೇ ಬಳಸಿಕೊಂಡಿದ್ದಾಳೆ ಅಂದುಕೊಂಡೆ.

ಮೂರನೆಯ ಹಾಳೆಯಲ್ಲಿ ಎರಡು ಸಾಲು ಇದ್ದವು. "ಚಟ: ಬೇರೆಯವರಿಗೆ ಬಂದ ಕಾಗದವನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. ಹೆದರಿಕೆ: ಒಂಟಿಯಾಗುವುದು."

ಹಾಳೆಯನ್ನು ತಟ್ಟನೆ ಬೋರಲು ಹಾಕಿದೆ.

ಯಾಕೆ ಎಂದು ಹೇಳಿಬಿಡುತ್ತೇನೆ. ಮೂವತ್ತೆರಡು ವರ್ಷದ ಹಿಂದೆ, ಅಕ್ಕನಿಗೆ ಇಪ್ಪತ್ತೆಂಟು ನಡೆಯುತ್ತಿದ್ದಾಗ, ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ ಒಬ್ಬರಿದ್ದರು. ತೆಳ್ಳಗೆ, ಮೆತ್ತಗೆ ಮಾತಾಡುವವರು. ಅವರಿಬ್ಬರ ನಡುವೆ ಏನಿತ್ತೋ ಅದು ಫೈಲು ಕೊಡುವುದು, ತಗೊಳ್ಳುವುದರಲ್ಲೇ ಇತ್ತು, ಆದರೆ ಇತ್ತು. ಅವರಿಗೆ ದೂರದ ಊರಿಗೆ ವರ್ಗವಾಯಿತು. ಹೊರಡುವ ಮೊದಲು ಅಕ್ಕನ ಹೆಸರಿಗೆ ಒಂದು ಕಾಗದ ಕಳಿಸಿದರು. ಬಾಗಿಲಲ್ಲಿ ಇಸಿದುಕೊಂಡವಳು ನಾನು. ಬೆಳಕಿಗೆ ಹಿಡಿದೆ, ಸಾಲಲಿಲ್ಲ, ಒಡೆದು ಓದಿದೆ.

ಅಕ್ಕನಿಗೆ ಕೊಡಲಿಲ್ಲ. ಆಗ ಅಮ್ಮ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಅಕ್ಕ ಹೋದರೆ ಆ ಮನೆಯಲ್ಲಿ ಅಮ್ಮ, ನಾನು, ಔಷಧದ ವಾಸನೆ, ಇಷ್ಟೇ. ಆ ಕಾಗದವನ್ನು ಮುದ್ರಣಾಲಯಕ್ಕೆ ಒಯ್ದು ರದ್ದಿ ಕಾಗದದ ಚೀಲದಲ್ಲಿ ಚೂರು ಮಾಡಿ ಹಾಕಿದೆ. ಅವರು ಊರು ಬಿಟ್ಟ ಸುದ್ದಿ ತಿಳಿದ ದಿನ ಅಕ್ಕ ಒಂದೇ ಮಾತು ಆಡಿದಳು, "ಹೇಳಿ ಹೋಗಬಹುದಿತ್ತು" ಅಂತ. ಆಮೇಲೆ ಬಂದ ಎರಡು ಸಂಬಂಧಗಳನ್ನೂ ಬೇಡ ಎಂದಳು. ನಾಲ್ಕು ವರ್ಷಕ್ಕೆ ಅಮ್ಮ ತೀರಿಕೊಂಡಳು. ಅಲ್ಲಿಂದ ನಾವಿಬ್ಬರೇ.

ಇದು ಅಕ್ಕನಿಗೆ ಗೊತ್ತಾದರೆ ನನಗೆ ಈ ಮನೆಯೂ ಇಲ್ಲ, ಬರವಣಿಗೆಯೂ ಇಲ್ಲ, ಅಕ್ಕನೂ ಇಲ್ಲ. ಮೂವತ್ತೆರಡು ವರ್ಷ ಗೊತ್ತಾಗಿರಲಿಲ್ಲ. ಈಗ ಹೇಗೆ?

ಆ ಸೋಮವಾರದಿಂದ ನಾನು ಅಕ್ಕನ ಮೇಲೆ ಕಣ್ಣಿಟ್ಟೆ. ತಲೆಗೆ ಹುಳ ಹೊಕ್ಕ ಮೇಲೆ ಕಾಣುವುದೆಲ್ಲ ಅದೇ ಆಗುತ್ತದೆ ಎಂದು ನೀವು ಹೇಳಬಹುದು. ಆದರೆ ಕಂಡದ್ದು ಕಂಡ ಹಾಗೆ ಹೇಳುತ್ತೇನೆ, ನೀವೇ ತೀರ್ಮಾನ ಮಾಡಿ.

ಮೊದಲನೆಯದು, ಒಂದು ಕವರು ಬಂತು. ಮೂಲೆಯಲ್ಲಿ ಆಸ್ಪತ್ರೆಯ ಮೊಹರು. ಅಕ್ಕ ಅದನ್ನು ನನ್ನ ಕೈಯಿಂದ ಕಿತ್ತುಕೊಂಡಂತೆ ತೆಗೆದುಕೊಂಡು, ಒಡೆಯದೆ, ದಿಂಬಿನ ಕೆಳಗೆ ತೂರಿಸಿದಳು.

"ಯಾರದು?"

"ಯಾರದೂ ಇಲ್ಲ."

ಯಾರದೂ ಅಲ್ಲದ ಕವರು ತಾನಾಗಿ ಮೆಟ್ಟಿಲು ಹತ್ತಿಕೊಂಡು ಬರುವುದಿಲ್ಲ.

ಎರಡನೆಯದು, ಪ್ರತಿ ಬುಧವಾರ ಹನ್ನೊಂದಕ್ಕೆ "ಸ್ವಲ್ಪ ಹೊರಗೆ ಹೋಗಿ ಬರ್ತೀನಿ" ಎಂದು ಹೊರಡತೊಡಗಿದಳು. ಅಂಗಡಿಗೆ ಹೋದರೂ ಯಾವ ಅಂಗಡಿ, ಯಾಕೆ, ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ಹೇಳಿ ಹೋಗುವ ಅಕ್ಕ. "ಎಲ್ಲಿಗೆ?" ಎಂದರೆ "ಇಲ್ಲೇ" ಎನ್ನುತ್ತಿದ್ದಳು. ಒಂದು ಬುಧವಾರ ಕಿಟಕಿಯಿಂದ ನೋಡಿದೆ. ನಿಲ್ದಾಣದಲ್ಲಿ ಎರಡು ಬಸ್ಸು ಬಿಟ್ಟು, ಪಕ್ಕದವರನ್ನು ಏನೋ ಕೇಳಿ, ಮೂರನೆಯದನ್ನು ಹತ್ತಿದಳು. ಅದು ದೊಡ್ಡಾಸ್ಪತ್ರೆಗೆ ಹೋಗುವ ಬಸ್ಸು. ನಿವೃತ್ತಳಾದವಳಿಗೆ ಅಲ್ಲೇನು ಕೆಲಸ? ಯಾರನ್ನು ವಿಚಾರಿಸುತ್ತಿದ್ದಾಳೆ?

ಅವಳು ಅತ್ತ ಹೋದದ್ದೇ ನಾನು ಡ್ರಾಯರಿನ ಬೀಗಕ್ಕೆ ಹೇರ್‌ಪಿನ್ ಹಾಕಿ ತಿರುವಿದೆ. ನಮ್ಮ ಕಾದಂಬರಿಗಳಲ್ಲಿ ಎಂಥ ಬೀಗವೂ ಹೇರ್‌ಪಿನ್ನಿಗೆ ಎರಡೇ ವಾಕ್ಯದಲ್ಲಿ ಬಿಚ್ಚಿಕೊಳ್ಳುತ್ತದೆ. ಆ ವಾಕ್ಯಗಳನ್ನು ಬರೆದವಳು ನಾನೇ. ಪಿನ್ನು ಮುರಿಯಿತು. ಅದರ ತುಂಡನ್ನು ಸೂಜಿಯಿಂದ ಹೊರಗೆ ತೆಗೆಯುವಷ್ಟರಲ್ಲಿ ಬೆವರಿಳಿದುಹೋಯಿತು.

ಮೂರನೆಯದು ಟೈಲರ್ ಹೇಳಿದ್ದು. ರವಿಕೆಗೆ ಗುಂಡಿ ಹಾಕಿಸಲು ಹೋಗಿದ್ದೆ. ಅವನು ಹಲ್ಲಿನಲ್ಲಿ ದಾರ ಕಡಿಯುತ್ತಾ, "ಅಕ್ಕಾವ್ರು ಮೊನ್ನೆ ಒಂದು ಕಾಗದ ಓದಿಸ್ಕೊಂಡು ಹೋದ್ರು," ಎಂದ.

"ನಿನ್ನ ಹತ್ರಾನಾ? ಯಾವ ಕಾಗದ?"

"ಅದನ್ನ ಹೇಳಬಾರದು ಅಂದಿದಾರಲ್ಲ. ನಿಮಗಂತೂ ಹೇಳಲೇಬಾರದು ಅಂದ್ರು."

"ಹಾಗಾದ್ರೆ ಓದಿಸಿದ ವಿಷಯ ಯಾಕೆ ಹೇಳಿದೆ?"

"ಅದನ್ನ ಹೇಳಬೇಡ ಅಂತ ಹೇಳಲಿಲ್ಲ," ಎಂದ ಪುಣ್ಯಾತ್ಮ.

ಜೀವಮಾನವೆಲ್ಲ ವೈದ್ಯರ ಕೋಳಿಕಾಲು ಅಕ್ಷರ ಓದಿದ ಅಕ್ಕ ಒಂದು ಕಾಗದವನ್ನು ಟೈಲರನ ಹತ್ತಿರ ಓದಿಸುತ್ತಾಳೆಂದರೆ ಏನರ್ಥ? ನಾನು ಹೀಗೆ ಲೆಕ್ಕ ಹಾಕಿದೆ. ಎಕ್ಸ್-ರೇಯವರು ಮುದುಕರಾಗಿ, ಕೈ ನಡುಗಿ, ಆಸ್ಪತ್ರೆಯ ವಿಳಾಸಕ್ಕೆ ಬರೆದಿದ್ದಾರೆ. ಆಸ್ಪತ್ರೆಯವರು ಅದನ್ನು ಇಲ್ಲಿಗೆ ಕಳಿಸಿದ್ದಾರೆ. ಗೀಚಿದ ಅಕ್ಷರ ಇವಳಿಗೆ ತಿಳಿಯಲಿಲ್ಲ. "ಅವತ್ತು ನೀವು ಯಾಕೆ ಬರಲಿಲ್ಲ?" ಎಂದು ಅವರು ಕೇಳಿದ್ದಾರೆ. ಅಲ್ಲಿಗೆ ನನ್ನ ಕತೆ ಮುಗಿಯಿತು.

ಎಲ್ಲಕ್ಕಿಂತ ಕೆಟ್ಟದ್ದು ಅವಳ ನೋಟ. ಬೆಳಗಿನ ಬಿಸಿಲಿಗೆ ನನ್ನನ್ನು ಕಿಟಕಿಯ ಹತ್ತಿರ ಕೂರಿಸಿ, ತೀರ ಹತ್ತಿರ ಬಂದು, ತಲೆಯನ್ನು ಒಂದು ಕಡೆ ವಾಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಏನು ನೋಡ್ತಿದೀಯ?"

"ಏನಿಲ್ಲ. ನೋಡ್ಕೊತಿದೀನಿ ಅಷ್ಟೆ."

ಪೊಲೀಸರೂ ಹೀಗೆಯೇ ನೋಡುತ್ತಾರೆ. ನಾನೇ ಎಷ್ಟೋ ಸಲ ಬರೆದಿದ್ದೇನೆ.

ಆರನೆಯ ಕಂತು ಮುಗಿಯುವ ಹೊತ್ತಿಗೆ ನನಗೆ ಖಚಿತವಾಯಿತು. ಅಕ್ಕನಿಗೆ ಎಲ್ಲ ತಿಳಿದಿದೆ. ನೇರವಾಗಿ ಕೇಳದೆ, ಕಾದಂಬರಿಯ ನೆಪ ಮಾಡಿಕೊಂಡು, ನಾಲ್ಕನೆಯ ಹಾಳೆಯಲ್ಲಿ ನನ್ನ ತಪ್ಪನ್ನು ಬರೆದಿಟ್ಟಿದ್ದಾಳೆ. ಹತ್ತನೆಯ ಕಂತಿಗೆ ಅದನ್ನು ನನ್ನ ಮುಂದೆ ಇಟ್ಟು "ಬರಿ" ಎನ್ನುತ್ತಾಳೆ. ನಾನು ನನ್ನ ಕೈಯಾರೆ ಬರೆದು ಇಡೀ ನಾಡಿಗೆ ಓದಿಸಬೇಕು. ಇಂಥ ಶಿಕ್ಷೆಯನ್ನು ಪಾತ್ರ ಹುಟ್ಟಿಸುವವಳೇ ಯೋಚಿಸಬಲ್ಲಳು. ಭಯದ ಜೊತೆ ನನಗೆ ಸಿಟ್ಟೂ ಬಂತು. ಬೈಯುವುದಿದ್ದರೆ ಬೈಯಬೇಕು, ಹೊಡೆಯುವುದಿದ್ದರೆ ಹೊಡೆಯಬೇಕು, ಹೀಗೆ ಕಾಯಿಸಿ ಕೊಲ್ಲಬಾರದು.

ಅವಳು ಹತ್ತನೆಯ ಕಂತಿಗೆ ತರುವುದನ್ನು ನಾನು ಏಳಕ್ಕೇ ಬರೆಯುತ್ತೇನೆ ಎಂದು ತೀರ್ಮಾನಿಸಿದೆ. ಬರೆದು, ಅವಳು ಓದುವಾಗ ಮುಖ ನೋಡುವುದು. ಅಲ್ಲಿ ಆಶ್ಚರ್ಯ ಕಾಣದಿದ್ದರೆ ಗೊತ್ತಿದೆ ಎಂದು ಅರ್ಥ. ಆಗ ಕಾಲಿಗೆ ಬೀಳುವುದೋ, ಜಗಳ ತೆಗೆಯುವುದೋ, ಆಮೇಲೆ ನೋಡಿಕೊಂಡರಾಯಿತು.

ಎರಡು ದಿನದಲ್ಲಿ ಬರೆದು ಮುಗಿಸಿದೆ. ಎಕ್ಸ್-ರೇಯವರನ್ನು ಭೂಮಾಪಕನನ್ನಾಗಿ ಮಾಡಿದೆ. ಕಾಗದದ ಸಾಲುಗಳನ್ನು ಮಾತ್ರ ಬದಲಾಯಿಸಲಿಲ್ಲ. ಕರಡು ತಿದ್ದಿದವಳ ಕಣ್ಣು, ಒಮ್ಮೆ ಓದಿದ್ದನ್ನು ಮರೆಯುವುದಿಲ್ಲ.

ಗುರುವಾರ ಮಧ್ಯಾಹ್ನ ಹಾಳೆಗಳನ್ನು ಅಕ್ಕನ ಮುಂದೆ ಇಟ್ಟೆ. ಯಾವಾಗಲೂ ಅವಳು ಕೆಂಪು ಪೆನ್ಸಿಲ್ ಹಿಡಿದು ಓದುತ್ತಾಳೆ, ನಾನು ಎದುರಿಗೆ ಕೂತು ಉಗುರು ಕಡಿಯುತ್ತೇನೆ. ಅವತ್ತು ಅವಳು ಹಾಳೆಗಳನ್ನು ಮುಟ್ಟಿ ನೋಡಿ ನನ್ನ ಕಡೆಗೇ ತಳ್ಳಿದಳು.

"ನೀನೇ ಓದು. ಕೇಳ್ತೀನಿ."

"ಯಾಕೆ?"

"ಸುಮ್ನೆ. ನಿನ್ನ ಬಾಯಲ್ಲಿ ಕೇಳೋಣ ಅಂತ."

ನನ್ನ ಬಾಯಲ್ಲಿ. ಬಲೆ ಹಾಕಲು ಹೋದವಳು ನಾನು, ಈಗ ಅದರೊಳಗೆ ನಾನೇ ನಿಂತಂತಾಯಿತು. ಆದರೂ ಓದಿದೆ. ತಂಗಿ ಬಾಗಿಲಲ್ಲಿ ಕಾಗದ ಇಸಿದುಕೊಳ್ಳುತ್ತಾಳೆ, ಒಡೆದು ಓದುತ್ತಾಳೆ. "ಶನಿವಾರ ನಾಲ್ಕು ಗಂಟೆಗೆ ಉದ್ಯಾನದ ಗೇಟಿನ ಹತ್ತಿರ ಇರುತ್ತೇನೆ. ನೀವು ಬಂದರೆ ನಿಮ್ಮ ತಾಯಿಯವರನ್ನೂ ನಮ್ಮ ಜೊತೆಗೇ ಕರೆದೊಯ್ಯುವ ಮಾತಾಡೋಣ. ಬಾರದಿದ್ದರೆ ಇಷ್ಟವಿಲ್ಲ ಎಂದು ತಿಳಿಯುತ್ತೇನೆ, ಮತ್ತೆ ತೊಂದರೆ ಕೊಡುವುದಿಲ್ಲ." ತಂಗಿ ಕಾಗದ ಹರಿಯುತ್ತಾಳೆ. ಭೂಮಾಪಕ ಗೇಟಿನ ಬಳಿ ಅರ್ಧ ಗಂಟೆ ಕಾಯುತ್ತಾನೆ, ಹೊರಟು ಹೋಗುತ್ತಾನೆ. ಕಂತು ಮುಗಿಯಿತು.

ತಲೆಯೆತ್ತಿ ನೋಡಿದೆ. ಅಕ್ಕ ಹುಬ್ಬು ಗಂಟಿಕ್ಕಿಕೊಂಡಿದ್ದಳು. ಅದು ನನಗೆ ಚೆನ್ನಾಗಿ ಗೊತ್ತಿರುವ ಗಂಟು. ಯಾವುದೋ ಪಾತ್ರ ದಾರಿ ತಪ್ಪಿದಾಗ ಬೀಳುವಂಥದ್ದು.

"ಬರವಣಿಗೆ ಚೆನ್ನಾಗಿದೆ," ಎಂದಳು. "ಆದ್ರೆ ಇದು ನಡೆಯಲ್ಲ ಪುಟ್ಟಿ."

"ಯಾಕೆ ನಡೆಯಲ್ಲ?"

"ಇವಳು ಹಾಗೆ ಮಾಡೋಳಲ್ಲ. ಕಾಗದ ಬೆಳಕಿಗೆ ಹಿಡೀತಾಳೆ, ಸರಿ. ತಡೆಯಕ್ಕಾಗ್ದೆ ಒಡೆದೂ ಓದ್ತಾಳೆ ಅನ್ನು. ಆದ್ರೆ ಸಂಜೆಯೊಳಗೆ ಅಕ್ಕನ ಹತ್ರ ಹೋಗಿ ಎಲ್ಲ ಹೇಳಿ, ಅತ್ತು, ಬೈಸ್ಕೋತಾಳೆ. ಮನಸಲ್ಲಿ ಇಟ್ಕೊಂಡು ಬದುಕೋ ಜನ ಬೇರೆ. ಓದೋರು ನಂಬಲ್ಲ. ತೆಗೆದುಬಿಡು."

ಇದಕ್ಕೆ ಎರಡೇ ಅರ್ಥ. ಅವಳು ನನ್ನನ್ನು ಹಂಗಿಸುತ್ತಿದ್ದಾಳೆ, ಇಲ್ಲವೇ ನಾನು ಕೆಟ್ಟದಾಗಿ ಬರೆದಿದ್ದೇನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಎರಡನೆಯದೇ ನನಗೆ ಹೆಚ್ಚು ಚುಚ್ಚಿತು. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ನಿಜವಾದ ಕಂತನ್ನು ನಾನು ಬರೆದಿರಲಿಲ್ಲ.

"ನಂಬದೆ ಏನು? ಜನ ಹೀಗೂ ಮಾಡ್ತಾರೆ."

"ಯಾರು ಮಾಡ್ತಾರೆ? ತಾಯಿನೂ ಕರ್ಕೊಂಡು ಹೋಗ್ತೀನಿ ಅಂತ ಬರೆದಿದಾನೆ. ಅದನ್ನ ಓದಿದ ಮೇಲೂ ಹರೀತಾಳಾ? ಅಷ್ಟು ಕಲ್ಲುಮನಸ್ಸಿಗೆ ಕಾರಣ ಬೇಕಲ್ಲ. ನೀನು ಕಾರಣ ಕೊಟ್ಟಿಲ್ಲ."

"ಕಾರಣ ನೀನೇ ಬರೆದಿದೀಯ. ಒಂಟಿಯಾಗೋ ಹೆದರಿಕೆ."

"ಅಷ್ಟಕ್ಕೇ ಯಾರೂ ಇಂಥದ್ದು ಮಾಡಲ್ಲ."

"ಮಾಡಿದಾರೆ," ಎಂದೆ. ನನ್ನ ದನಿ ಏರಿತ್ತು. "ನಡೆದದ್ದನ್ನೇ ಬರೆದಿದೀನಿ."

"ಯಾರ ಮನೇಲಿ ನಡೀತು?"

"ನಾಟಕ ಸಾಕು ಅಕ್ಕ. ನಿಂಗೆ ಎಲ್ಲ ಗೊತ್ತು. ಎಕ್ಸ್-ರೇಯವರ ಕಾಗದ ಬಂದಿದೆ. ಟೈಲರ್ ಹತ್ರ ಓದಿಸಿದೀಯ. ಬುಧವಾರ ಬುಧವಾರ ಹೋಗಿ ವಿಚಾರಿಸ್ತಿದೀಯ. ಹೌದು, ಅವರು ನಿಂಗೆ ಬರೆದಿದ್ರು. ನಾನು ಕೊಡಲಿಲ್ಲ. ಹರಿದು ಹಾಕ್ದೆ. ಸಾಕಾ?"

ಅಕ್ಕ ಕೆಂಪು ಪೆನ್ಸಿಲನ್ನು ಮೇಜಿನ ಮೇಲೆ ಇಡಲು ಹೋದಳು. ಅದು ಅಂಚಿನಿಂದ ಕೆಳಗೆ ಬಿತ್ತು. ಅವಳು ಅದರ ಕಡೆ ನೋಡಲೂ ಇಲ್ಲ.

"ಯಾವ ಕಾಗದ?" ಎಂದಳು.

ಗೊತ್ತಿದ್ದೂ ಗೊತ್ತಿಲ್ಲದಂತೆ ಕೇಳುವವರ ಮುಖವನ್ನು ನಾನು ನೂರು ಸಲ ಬರೆದಿದ್ದೇನೆ. ಅಕ್ಕನ ಮುಖ ಅದಾಗಿರಲಿಲ್ಲ. ಅವಳಿಗೆ ಏನೂ ಗೊತ್ತಿರಲಿಲ್ಲ. ಈ ಗುರುವಾರದ ತನಕ, ಈ ನಿಮಿಷದ ತನಕ, ನಾನು ಬಾಯಿ ಬಿಡುವ ತನಕ ಗೊತ್ತಿರಲಿಲ್ಲ.

ಆಮೇಲೆ ಅಕ್ಕ ಪರ್ಸಿನಿಂದ ಕೀಲಿ ತೆಗೆದು, ಬೀಗದ ತೂತನ್ನು ಬೆರಳಿನಿಂದ ತಡವಿ ಹುಡುಕಿ, ಡ್ರಾಯರು ತೆರೆದಳು. ಎರಡು ಹಾಳೆ ತೆಗೆದು ನನ್ನ ಕಡೆ ಚಾಚಿದಳು. ಈಚೆಗೆ ಬರೆದವಿರಬೇಕು, ಮೊದಲ ಮೂರು ಹಾಳೆಗಳಂತಿರದೆ ಅಕ್ಷರಗಳು ಮಕ್ಕಳು ಬರೆದಷ್ಟು ದೊಡ್ಡದಾಗಿದ್ದವು, ಸಾಲುಗಳು ಒಂದರ ಮೇಲೊಂದು ಹತ್ತಿದ್ದವು.

ಅಕ್ಕನ ಪಾತ್ರದ ಹಾಳೆಯಲ್ಲಿ: "ಬಚ್ಚಿಟ್ಟದ್ದು: ಕಣ್ಣು ಹೋಗುತ್ತಿದೆ. ನಡುವೆ ಕಪ್ಪು, ಅಂಚಿನಲ್ಲಿ ಮಾತ್ರ ಕಾಣುತ್ತದೆ. ಹೆಚ್ಚೆಂದರೆ ಇನ್ನೊಂದು ವರ್ಷ ಕಾಣಬಹುದು ಎಂದು ವೈದ್ಯರು ಹೇಳಿದ್ದಾರೆ. ತಂಗಿಗೆ ಹೇಳಿಲ್ಲ, ಹೆದರಿಕೊಳ್ಳುತ್ತಾಳೆ."

ತಂಗಿಯ ಹಾಳೆಯಲ್ಲಿ: "ಬಚ್ಚಿಟ್ಟದ್ದು: ಏನೂ ಇಲ್ಲ."

"ಮೊದಲು ಬಸ್ ಸ್ಟಾಪಿನ ಬೆಂಚಲ್ಲಿ ಕೂತು ಜನರನ್ನ ನೋಡ್ತಿದ್ದೆ. ಅಲ್ಲಿಂದ್ಲೇ ಎಲ್ಲರನ್ನೂ ತಂದಿದ್ದು," ಎಂದಳು ಅಕ್ಕ. ಅವಳ ದನಿಯಲ್ಲಿ ಏರಿಳಿತವೇ ಇರಲಿಲ್ಲ. "ಈಗ ದೂರದವರ ಮುಖ ತಿಳಿಯಲ್ಲ. ಹತ್ತಿರ ಇರೋಳು ನೀನೊಬ್ಬಳೇ. ಅದಕ್ಕೇ ಈ ಸಲ ನಿನ್ನನ್ನ ಬರೆದೆ. ನಿನ್ನನ್ನ ಬರೆಯೋಕೆ ಕಣ್ಣು ಬೇಕಾಗಿಲ್ಲ ಅಂದ್ಕೊಂಡಿದ್ದೆ."

ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ತಪ್ಪಾಯಿತು ಎಂದೆ. ಅಮ್ಮನ ಹೆಸರು ಹೇಳಿದೆ, ಆಗಿನ ನನ್ನ ವಯಸ್ಸನ್ನು ಹೇಳಿದೆ. ನನಗೇ ಅಸಹ್ಯವಾಗಿ ನಿಲ್ಲಿಸಿದೆ. ಅವಳು ಯಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ.

"ಅರ್ಧ ಗಂಟೆ ಕಾದ ಅಂತ ಓದಿದ್ಯಲ್ಲ," ಎಂದಳು ಕೊನೆಗೆ. "ಅದು ನೀನು ಕಟ್ಟಿದ್ದಾ, ಗೊತ್ತಿದ್ದು ಬರೆದದ್ದಾ?"

ಸುಳ್ಳು ಹೇಳಬಹುದಿತ್ತು.

"ಕಟ್ಟಿದ್ದು. ಅವರು ದೀಪ ಹಚ್ಚೋ ತನಕ ಇದ್ರು. ಆರೂವರೆ ಆಗಿತ್ತು."

"ನೀನು ನೋಡಿದ್ಯಾ?"

"ಹೂಂ. ಹೋಗಿದ್ದೆ."

ಅಕ್ಕ ಕಣ್ಣು ಮುಚ್ಚಿಕೊಂಡಳು. "ಹೇಗಿದ್ರು, ಹೇಳು."

ಹೇಳಿದೆ. ಬಿಳಿ ಅಂಗಿ ಹಾಕಿಕೊಂಡಿದ್ದರು, ಅದರ ಇಸ್ತ್ರಿ ಗೆರೆ ರಸ್ತೆಯ ಈಚೆಗೂ ಕಾಣುತ್ತಿತ್ತು. ಕ್ಷೌರ ಮಾಡಿಸಿಕೊಂಡಿದ್ದರು, ಕಿವಿಯ ಮೇಲೆ ವಿಪರೀತ ಗಿಡ್ಡವಾಗಿತ್ತು. ಗೇಟಿನ ಫಲಕವನ್ನು ನಾಲ್ಕೈದು ಸಲ ಓದಿದರು. ಹೆಂಗಸರು ಯಾರೇ ಆ ಕಡೆಯಿಂದ ಬಂದರೂ ಎದ್ದು ನಿಲ್ಲುತ್ತಿದ್ದರು, ಮತ್ತೆ ಕೂರುತ್ತಿದ್ದರು. ಕ್ಷೌರದ ಮಾತಿಗೆ ಅಕ್ಕನ ತುಟಿ ಸ್ವಲ್ಪ ಅಲುಗಿತು. ನಗುವೋ ಏನೋ, ನಾನು ಖಚಿತವಾಗಿ ಹೇಳಲಾರೆ.

"ನೀನು ಎಲ್ಲಿ ನಿಂತಿದ್ದೆ?"

"ಎದುರಿಗೆ. ಪಾತ್ರೆ ಅಂಗಡಿ ಮುಂದೆ."

"ಆರೂವರೆ ತನಕಾನೂ?"

"ಹೂಂ."

ಅಕ್ಕ ಕಣ್ಣು ತೆರೆದಳು. ನನ್ನ ಕಡೆ ತಿರುಗಿದಳು, ಆದರೆ ದೃಷ್ಟಿ ನನ್ನ ಕಿವಿಯ ಪಕ್ಕದಲ್ಲೆಲ್ಲೋ ನಿಂತಿತ್ತು.

"ಅಲ್ಲಿಂದ ನಮ್ಮನೆಗೆ ಹತ್ತು ನಿಮಿಷ ಪುಟ್ಟಿ," ಎಂದಳು. "ನಾನು ಮನೇಲೇ ಇದ್ದೆ."